ಮಧ್ಯಾಹ್ನದ ಲೈನು

ನಕ್ಷೆ ಕಚೇರಿಯ ಮೂರನೇ ಮಹಡಿಯಲ್ಲಿ, ಮೆಟ್ಟಿಲು ಹತ್ತಿ ಬಲಕ್ಕೆ ತಿರುಗಿದರೆ ಸಿಗುವ ಕೋಣೆಗೆ ಇವತ್ತಿಗೂ ಒಂದು ವಾಸನೆಯಿದೆ. ಹಿಂದೆ ಅಲ್ಲಿ ನಕ್ಷೆಗಳ ನೀಲಿ ಪ್ರತಿ ತೆಗೆಯುವ ಯಂತ್ರವಿತ್ತು. ಅದಕ್ಕೆ ಅಮೋನಿಯಾ ಬೇಕಾಗುತ್ತಿತ್ತು. ಯಂತ್ರ ಗುಜರಿಗೆ ಹೋಗಿ ಯಾವ ಕಾಲವಾಯಿತೋ, ಗೋಡೆಗೂ ಬಣ್ಣದ ಮೇಲೆ ಬಣ್ಣ ಬಿತ್ತು. ವಾಸನೆ ಮಾತ್ರ ಜಪ್ಪಯ್ಯ ಅಂದರೂ ಹೋಗಲಿಲ್ಲ. ಹೊಸಬರು ಒಳಗೆ ಬಂದವರೇ ಮೂಗು ಮುಚ್ಚಿಕೊಳ್ಳುತ್ತಾರೆ. ಅಕ್ಕನಿಗೆ ಮಾತ್ರ ಆ ವಾಸನೆ ಮೂಗಿಗೆ ಬಡಿದರೇನೇ ಕೆಲಸಕ್ಕೆ ಬಂದ ಹಾಗೆ ಅನ್ನಿಸುವುದು.

ಅಕ್ಕ ಅಂದರೆ ಆ ಕೋಣೆಯನ್ನು ನೋಡಿಕೊಳ್ಳುವವಳು, ಕಚೇರಿಯ ಕಂಪ್ಯೂಟರುಗಳ ಯೋಗಕ್ಷೇಮ ವಿಚಾರಿಸುವವಳು. ಅವಳಿಗಿಂತ ಹಿರಿಯರಾದ ಗುಮಾಸ್ತರೂ ಅವಳನ್ನು ಅಕ್ಕ ಎಂದೇ ಕರೆಯುತ್ತಾರೆ. ಬರೆದ ಕಡತ ಕಣ್ಣೆದುರೇ ಮಾಯವಾದಾಗ ವಯಸ್ಸಿನ ಹಿರಿತನ ಯಾರಿಗೆ ನೆನಪಿರುತ್ತದೆ?

ಅಲ್ಲಿ ಕಬ್ಬಿಣದ ಕಪಾಟಿನ ಕೆಳಗಿನ ಖಾನೆಯಲ್ಲಿ ಒಂದು ಕಪ್ಪು ಪೆಟ್ಟಿಗೆ ಸದಾ ಗುಂಯ್ ಎನ್ನುತ್ತಿರುತ್ತದೆ. ಅದಕ್ಕೆ ಪ್ರಾಕ್ಸಿ ಎಂದು ಹೆಸರು. ಕಚೇರಿಯ ಯಾವ ಕಂಪ್ಯೂಟರೂ ನೇರವಾಗಿ ಇಂಟರ್ನೆಟ್ಟಿಗೆ ಕಾಲಿಡುವಂತಿಲ್ಲ. ಏನು ಬೇಕಾದರೂ ಈ ಪೆಟ್ಟಿಗೆಯನ್ನು ಕೇಳಬೇಕು, ಅದು ಹೋಗಿ ತಂದುಕೊಡಬೇಕು, ಮನೆಮಂದಿಗೆಲ್ಲ ಒಬ್ಬರೇ ಅಂಗಡಿಗೆ ಹೋಗಿಬರುವ ಹಾಗೆ. ತಂದದ್ದರಲ್ಲಿ ಒಂದು ಪ್ರತಿಯನ್ನು ಅದು ತನ್ನಲ್ಲೇ ಇಟ್ಟುಕೊಂಡಿರುತ್ತದೆ. ಇನ್ನೊಬ್ಬರು ಅದನ್ನೇ ಕೇಳಿದರೆ ಹೊರಗೆ ಹೋಗುವ ಗೊಡವೆಯಿಲ್ಲದೆ ಅಲ್ಲಿಂದಲೇ ಎತ್ತಿ ಕೊಡುತ್ತದೆ. ಹೇಳುವುದಕ್ಕೇನೋ ಚೆನ್ನಾಗಿದೆ. ಆದರೆ ಅಂಗಡಿಗೆ ಹೋದವರು ದಾರಿಯಲ್ಲಿ ಹರಟೆಗೆ ನಿಂತರೆ ಮನೆಯವರೆಲ್ಲ ಬಾಗಿಲು ಕಾಯುತ್ತ ಕೂರಬೇಕಲ್ಲ, ಹಾಗೆ ಪೆಟ್ಟಿಗೆ ನಿಧಾನವಾದರೆ ಇಡೀ ಕಚೇರಿಯೇ ನಿಧಾನ.

ಆ ಪೆಟ್ಟಿಗೆಯನ್ನು ಮೊದಲು ಕೂಡಿಸಿದವರು ಅಕ್ಕನಿಗಿಂತ ಮುಂಚೆ ಕೋಣೆಯ ಉಸ್ತುವಾರಿಯಲ್ಲಿದ್ದ ಹಿರಿಯರು. ಅವರಿಗೂ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು. ಕಚೇರಿಯ ಬಾಯಲ್ಲಿ ಮಾತ್ರ ಅವರು ನಿಧಾನಪ್ಪ. ಬೆಂಕಿ ಬಿದ್ದಿದೆ ಎಂದು ಓಡಿಬಂದರೂ "ಆಗತ್ತೆ, ನೋಡೋಣ" ಎಂದು ಕನ್ನಡಕ ಒರೆಸುತ್ತಿದ್ದ ಆಸಾಮಿ. ಅದಕ್ಕಿಂತ ಹೆಚ್ಚಾಗಿ, ಅವರ ಕಾಲದಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಇಂಟರ್ನೆಟ್ಟಿನಿಂದ ಏನನ್ನು ಇಳಿಸಿಕೊಳ್ಳಲು ಹೋದರೂ ಆಮೆ ನಡಿಗೆ. ಯಾಕೆ ಹೀಗೆ ಎಂದು ಕೇಳಿದರೆ "ಮಧ್ಯಾಹ್ನ ಲೈನು ಹಾಗೇ" ಎನ್ನುತ್ತಿದ್ದರು. ಆ ಗಂಟೆಗೆ ಜನ ನಿಧಾನಪ್ಪನ ಗಂಟೆ ಎಂದೇ ಹೆಸರಿಟ್ಟರು. ನಿಧಾನಪ್ಪ ಎಂಬ ಹೆಸರನ್ನು ಮೊದಲು ಇಟ್ಟವಳು ಅಕ್ಕ. ಕೆಲಸಕ್ಕೆ ಸೇರಿದ ಹೊಸತು, ಚಹಾದ ಹೊತ್ತು, ನಾಲ್ಕು ಜನರನ್ನು ನಗಿಸಬೇಕೆಂಬ ಚಪಲ. ಬಾಯಿಗೆ ಬಂದದ್ದನ್ನು ಅಂದುಬಿಟ್ಟಳು, ಎಲ್ಲರೂ ಬಿದ್ದು ಬಿದ್ದು ನಕ್ಕರು. ಹೆಸರು ಅವರ ನಿವೃತ್ತಿಯ ದಿನದವರೆಗೂ ಬಿಡಲಿಲ್ಲ, ಆಮೇಲೂ ಬಿಡಲಿಲ್ಲ.

ಈಗ ವಿಷಯಕ್ಕೆ ಬರೋಣ. ಒಂದು ಸೋಮವಾರ ಮುಖ್ಯ ಕಚೇರಿಯಿಂದ ಮ್ಯಾನೇಜರ್ ಬಂದ. ವಯಸ್ಸು ಚಿಕ್ಕದು, ಮಾತು ಮೆತ್ತಗೆ, ಬೈಯೋಣ ಎಂದರೂ ಕಾರಣ ಸಿಗದಷ್ಟು ಮರ್ಯಾದಸ್ಥ. ಆಪರೇಟಿಂಗ್ ಸಿಸ್ಟಂನಲ್ಲಿ ಏನೋ ದೊಡ್ಡ ದೋಷ ಸಿಕ್ಕಿದೆಯಂತೆ, ಅದನ್ನು ಮುಚ್ಚುವ ಅಪ್‌ಡೇಟ್ ಬಂದಿದೆಯಂತೆ. ಕಚೇರಿಯ ಪ್ರತಿಯೊಂದು ಕಂಪ್ಯೂಟರಿಗೂ ಅದು ಶುಕ್ರವಾರ ಸಂಜೆಯೊಳಗೆ ಬಿದ್ದಿರಬೇಕು. ಬೀಳದಿದ್ದರೆ ಪ್ರಾಕ್ಸಿಯನ್ನು ಕಿತ್ತು, ಎಲ್ಲವನ್ನೂ ಮುಖ್ಯ ಕಚೇರಿಯಿಂದಲೇ ನಡೆಸುವುದು ಎಂದು ತೀರ್ಮಾನವಾಗಿದೆ. ಪೆಟ್ಟಿಗೆಯಿರುವ ಕೋಣೆ ಮುಚ್ಚಿ ಅದರಲ್ಲಿ ಕುರ್ಚಿ ಮೇಜು ತುಂಬುತ್ತಾರೆ. ಅಕ್ಕ ಕೆಳಗೆ ನಕಲು ಕೊಡುವ ಕೌಂಟರಿನಲ್ಲಿ ಕೂರಬೇಕು.

"ನಿಮಗೂ ಮೆಟ್ಟಿಲು ಹತ್ತೋದು ತಪ್ಪತ್ತೆ, ಮೇಡಂ," ಎಂದ ಅವನು. ನಿಜವಾಗಿಯೂ ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದ, ಪಾಪ.

ಅಕ್ಕ ತಲೆಯಾಡಿಸಿದಳು. ಅವನು ಹೋದ ಮೇಲೆ ಸ್ಟೂಲಿನ ಮೇಲೆ ಕುಸಿದು ಕೂತಳು. ಕೌಂಟರ್ ಕೆಲಸವೇನೂ ಕೀಳಲ್ಲ. ಆದರೆ ಅವಳ ಹರೆಯವೆಲ್ಲ ಈ ಕೋಣೆಯಲ್ಲೇ ಕಳೆದಿತ್ತು. ಇಲ್ಲಿಯೇ ಅತ್ತಿದ್ದಳು, ಇಲ್ಲಿಯೇ ಸಾವರಿಸಿಕೊಂಡಿದ್ದಳು, ಇಲ್ಲಿಯೇ ಕೆಲಸ ಕಲಿತು ತಲೆಯೆತ್ತಿದ್ದಳು. ಅದನ್ನು ಕಳೆದುಕೊಳ್ಳುವುದು ಅವಳಿಗೆ ಬೇಡವಾಗಿತ್ತು.

ಅಪ್‌ಡೇಟ್ ಇಳಿಸಲು ಹೊತ್ತು ಸಿಗುವುದೇ ಕಷ್ಟ. ಬೆಳಗಿನಿಂದ ಸರ್ವೇಯರುಗಳ ನಕ್ಷೆಗಳು ಲೈನಿನಲ್ಲಿ ಹೋಗುತ್ತ ಬರುತ್ತ ಇರುತ್ತವೆ, ಅದರ ನಡುವೆ ಏನನ್ನಾದರೂ ತುರುಕಿದರೆ ಎರಡೂ ಕೆಡುತ್ತವೆ. ಸಂಜೆ ಕಚೇರಿ ಮುಗಿಯುತ್ತಿದ್ದಂತೆ ಕಾವಲುಗಾರ ಮೇನ್ ಸ್ವಿಚ್ಚನ್ನೇ ಎಳೆಯುತ್ತಾನೆ. ಹಳೆಯ ವೈರಿಂಗ್, ಒಮ್ಮೆ ಹೊಗೆಯೂ ಬಂದಿತ್ತು, ಆಮೇಲೆ ಅದೇ ಕಾನೂನಾಯಿತು. ಉಳಿದದ್ದು ಊಟದ ಗಂಟೆ. ಒಂದರಿಂದ ಎರಡು, ಕಂಪ್ಯೂಟರುಗಳೆಲ್ಲ ಖಾಲಿ.

ಸೋಮವಾರದ ಉಳಿದ ಹೊತ್ತೆಲ್ಲ ಅಕ್ಕ ಪೆಟ್ಟಿಗೆಯ ಮುಂದೆ ಕೂತು ಒಂದೊಂದನ್ನೇ ಸರಿ ಮಾಡಿದಳು. ದೊಡ್ಡ ಕಡತಗಳನ್ನು ಇಟ್ಟುಕೊಳ್ಳಬೇಡ ಎಂದು ಅದಕ್ಕೆ ಎಂದೋ ಹೇಳಿದ್ದರು, ಆಗ ಜಾಗ ಸಾಲುತ್ತಿರಲಿಲ್ಲ. ಅದನ್ನು ಬದಲಾಯಿಸಿ ಎಷ್ಟು ದೊಡ್ಡದಾದರೂ ಇಟ್ಟುಕೋ ಎಂದಳು. ಅಪ್‌ಡೇಟುಗಳು ತುಂಡು ತುಂಡಾಗಿ ಬರುತ್ತವೆ, ತುಂಡುಗಳನ್ನು ಪೆಟ್ಟಿಗೆ ಉಳಿಸಿಕೊಳ್ಳುವುದಿಲ್ಲ. ತುಂಡು ಕೇಳಿದರೂ ಇಡಿಯಾಗಿ ತಾ ಎಂದಳು. ಎಲ್ಲ ಕಂಪ್ಯೂಟರುಗಳೂ ಒಟ್ಟಿಗೆ ಮುಗಿಬೀಳದಂತೆ, ಕಿಟಕಿಯ ಪಕ್ಕದ ಒಂದು ಕಂಪ್ಯೂಟರ್ ಮೊದಲು ಇಳಿಸಿಕೊಳ್ಳಬೇಕು, ಅದು ತರಿಸಿದ ಪ್ರತಿಯಿಂದ ಉಳಿದವು ಪಡೆಯಬೇಕು ಎಂದು ಸರದಿ ಹಾಕಿದಳು. ಮಂಗಳವಾರ ಬೆಳಿಗ್ಗೆ ಜನ ಬರುವ ಮುಂಚೆ ಸಿಕ್ಕ ಐದು ನಿಮಿಷದಲ್ಲಿ ಒಂದು ಸಣ್ಣ ಕಡತ ಇಳಿಸಿ ನೋಡಿದರೆ, ಕಣ್ಣು ಮಿಟುಕಿಸುವುದರಲ್ಲಿ ಬಂದು ಬಿತ್ತು. ಅಕ್ಕನಿಗೆ ಖುಷಿಯೋ ಖುಷಿ.

ಮಧ್ಯಾಹ್ನ ಜನರೆಲ್ಲ ಊಟಕ್ಕೆ ಎದ್ದರು. ಅಕ್ಕ ಗುಂಡಿ ಒತ್ತಿದಳು. ಅದೇ ಆಮೆ. ಅದೇ ನಿಧಾನಪ್ಪನ ಗಂಟೆ. ಎರಡು ಹೊಡೆಯುತ್ತಿದ್ದಂತೆ ವೇಗ ಜಿಗಿಯಿತು, ಅಷ್ಟರಲ್ಲಿ ಸರ್ವೇಯರುಗಳೂ ವಾಪಸು ಬಂದರು.

ಲೈನಿನ ಕಂಪನಿಗೆ ಫೋನು ಮಾಡಿದಳು. ನಿಮ್ಮ ಮಧ್ಯಾಹ್ನದ ಲೈನಿಗೆ ಏನು ಕೇಡು ಬಂದಿದೆ ಎಂದು ದಬಾಯಿಸಿದಳು. ಆ ಕಡೆಯ ಹುಡುಗಿ ತಾಳ್ಮೆಯಿಂದ ನೋಡಿ ಹೇಳಿದ್ದು ಇಷ್ಟು: ಊಟದ ಹೊತ್ತಲ್ಲಿ ನಿಮ್ಮ ಲೈನು ಹೆಚ್ಚುಕಡಿಮೆ ಖಾಲಿ ಇರುತ್ತದೆ, ನೀವೇ ಅದನ್ನು ಬಳಸುತ್ತಿಲ್ಲ.

ಅಂದರೆ ತಡೆ ಹಿಡಿದಿರುವುದು ನಮ್ಮ ಪೆಟ್ಟಿಗೆಯೇ. ಅಕ್ಕ ಅದರ ನಿಯಮಗಳ ಉದ್ದನೆಯ ಕಡತವನ್ನು ಮೇಲಿನಿಂದ ಓದತೊಡಗಿದಳು. ಪೆಟ್ಟಿಗೆ ಎಷ್ಟೋ ಸಲ ಬದಲಾಗಿತ್ತು, ಕಡತ ಮಾತ್ರ ಹಳೆಯದರಿಂದ ಹೊಸದಕ್ಕೆ ಹಾಗೆಯೇ ಬರುತ್ತಿತ್ತು. ಅವಳು ತನಗೆ ಬೇಕಾದ್ದನ್ನು ಕೊನೆಯಲ್ಲಿ ಸೇರಿಸುತ್ತಿದ್ದಳೇ ಹೊರತು ಮೇಲಿನದನ್ನು ಕೆದಕಿರಲಿಲ್ಲ. ಹುಡುಕುತ್ತ ಹೋದ ಹಾಗೆ ಸಿಕ್ಕಿತು. ಒಂದರಿಂದ ಎರಡರವರೆಗೆ ಯಾರು ಏನೇ ಇಳಿಸಿಕೊಂಡರೂ ಹನಿ ಹನಿಯಾಗಿ ಕೊಡು ಎಂದು ಒಂದು ನಿಯಮ. ಒಂದೇ ಒಂದು ಕಂಪ್ಯೂಟರನ್ನು ಬಿಟ್ಟು, ಅದಕ್ಕೆ ಧಾರಾಳವಾಗಿ ಕೊಡು ಎಂದು. ಅದನ್ನು ಗುರುತಿಸಲು ನಿಯಮದಲ್ಲಿ ಬರೆದಿದ್ದ ನಂಬರಿನ ಕಂಪ್ಯೂಟರ್ ಈಗ ಕಚೇರಿಯಲ್ಲೇ ಇರಲಿಲ್ಲ. ನಂಬರುಗಳೆಲ್ಲ ಯಾವಾಗಲೋ ಬದಲಾಗಿದ್ದವು.

ಅಕ್ಕನಿಗೆ ಮೈ ಉರಿಯಿತು. ಲೈನಿಗೆ ಏನೂ ಆಗಿರಲಿಲ್ಲ. ಮುದುಕ ತನಗೊಬ್ಬನಿಗೆ ದಾರಿ ಬಿಟ್ಟುಕೊಂಡು ಊರಿಗೆಲ್ಲ ಬೇಲಿ ಹಾಕಿದ್ದ. ಊಟದ ಹೊತ್ತಲ್ಲಿ ಕೂತು ಸಿನಿಮಾ ನೋಡುತ್ತಿದ್ದನೋ ಏನೋ! ಇಷ್ಟು ವರ್ಷ ಹೊಸದಾಗಿ ಸೇರಿದವರಿಗೆಲ್ಲ "ಮಧ್ಯಾಹ್ನ ಲೈನು ಹಾಗೇ" ಎಂದು ತಾನೂ ಗಿಣಿಪಾಠ ಒಪ್ಪಿಸಿದ್ದಳಲ್ಲ, ಅದು ಇನ್ನೂ ಉರಿಸಿತು.

ಅಳಿಸಿಬಿಡುವುದು ಒಂದು ಬೆರಳಿನ ಕೆಲಸ. ಆದರೆ ಅವಳಿಗೆ ಕೆಲಸ ಕಲಿಸಿದವರು ಅವರೇ, ಕಲಿಸಿದ ಮೊದಲ ಪಾಠವೂ ಅದೇ: ಯಾಕಿದೆ ಎಂದು ಗೊತ್ತಿಲ್ಲದ ಸಾಲನ್ನು ಅಳಿಸಬಾರದು, ಬರೆದವರು ಬದುಕಿದ್ದರೆ ಹೋಗಿ ಕೇಳಬೇಕು. ಒಮ್ಮೆ ಅವಳು ಕೇಳದೆ ಒಂದು ಸಾಲು ತೆಗೆದಿದ್ದಕ್ಕೆ ನಕ್ಷೆ ಮುದ್ರಿಸುವ ದೊಡ್ಡ ಯಂತ್ರ ಮೂಕವಾಗಿ ಕೂತಿತ್ತು. ಆ ಬಿಸಿ ಇನ್ನೂ ಆರಿರಲಿಲ್ಲ. ಬುಧವಾರ ಬೆಳಿಗ್ಗೆಯಿಂದ ಅವರಿಗೆ ಫೋನು ಮಾಡಿದಳು. ಎತ್ತುವವರೇ ಇಲ್ಲ. ಊಟದ ಗಂಟೆ ಮತ್ತೊಮ್ಮೆ ಆಮೆಯ ಪಾಲಾಯಿತು. ಸಂಜೆ ಕೋಪವನ್ನು ಚೀಲದಂತೆ ಹೆಗಲಿಗೆ ಹಾಕಿಕೊಂಡು ಅವರ ಮನೆಗೇ ಹೊರಟಳು.

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮನೆ. ಮಗ, ಸೊಸೆ, ಅವರ ಗಲಾಟೆಯ ಮಕ್ಕಳು. ನಿಧಾನಪ್ಪ ಸೊಸೆಯ ಎದುರಿಗೆ ನೆಲದ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದರು. ಒಂದೊಂದೇ ಎಲೆ ತಿರುಗಿಸಿ ತಿರುಗಿಸಿ ನೋಡುವುದನ್ನು ಕಂಡರೆ ಅಡುಗೆ ನಾಳೆಗೇ ಸರಿ ಅನ್ನಿಸುವಂತಿತ್ತು. ಅಕ್ಕನನ್ನು ನೋಡಿ ಮುಖ ಅರಳಿತು. ಫೋನು ಮೊಮ್ಮಗನ ಕೈಗೆ ಸಿಕ್ಕಿ ನೀರಿಗೆ ಬಿದ್ದಿದೆ ಎಂದು ಸೊಸೆ ಹೇಳಿ, ಚಹಾ ತರಲು ಒಳಗೆ ಹೋದಳು.

ಅಕ್ಕ ಕುಶಲ ವಿಚಾರಿಸುವ ಶಾಸ್ತ್ರ ಮುಗಿಸಿದಳು. ಮ್ಯಾನೇಜರ್ ಹೇಳಿದ್ದು, ಶುಕ್ರವಾರದ ಗಡುವು, ಕೋಣೆ ಮುಚ್ಚುವ ಮಾತು ಎಲ್ಲ ಹೇಳಿದಳು. ಆಮೇಲೆ ಆ ನಿಯಮದ ಮಾತೆತ್ತಿ, ಅದು ಯಾರ ಕಂಪ್ಯೂಟರ್ ಎಂದು ಕೇಳಿದಳು. ದನಿ ಅವಳು ಅಂದುಕೊಂಡದ್ದಕ್ಕಿಂತ ಗಡುಸಾಗಿಯೇ ಬಂತು.

ಅವರು ಸೊಪ್ಪು ಕೆಳಗಿಟ್ಟರು. ಕನ್ನಡಕ ತೆಗೆದು ಒರೆಸಿದರು.

"ಅದು ಇನ್ನೂ ಇದೆಯಾ?"

"ಇದೆ ಸಾರ್. ಯಾರದು ಅದು?"

"ನಿಂದೇ ಕಣಮ್ಮ," ಎಂದರು. "ನಕ್ಷೆ ಬೀರುವಿನ ಹಿಂದೆ ಒಂದು ಮೂಲೆ ಕಂಪ್ಯೂಟರ್ ಇತ್ತಲ್ಲ. ನೀನು ಮಗು ಜೊತೆ ಮಾತಾಡ್ತಿದ್ದೆ."

ಅಕ್ಕನಿಗೆ ಆ ಮೂಲೆ ಕಣ್ಣೆದುರು ಬಂತು.

ಆಗ ಅವಳ ಮಗಳಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಗಂಡ ಹಡಗಿನಲ್ಲಿ ಅಡುಗೆಯವನು, ಯಾವ ಬಂದರಿನಲ್ಲಿರುತ್ತಾನೋ ಅವನಿಗೇ ಗೊತ್ತಿರುತ್ತಿರಲಿಲ್ಲ. ಕೆಲಸ ಬಿಡುವಂತಿರಲಿಲ್ಲ, ಮಗುವನ್ನು ಕಟ್ಟಿಕೊಂಡು ಬರುವಂತಿರಲಿಲ್ಲ. ದೂರದ ತವರಿನಲ್ಲಿ ಅಮ್ಮನ ಮಡಿಲಿಗೆ ಹಾಕಿ ಬಂದಿದ್ದಳು. ದಿನಾ ಮಧ್ಯಾಹ್ನ ಅಮ್ಮ ಮಗುವನ್ನು ಸೊಂಟದ ಮೇಲೆ ಹೊತ್ತು ಬೀದಿ ಕೊನೆಯ ಇಂಟರ್ನೆಟ್ ಅಂಗಡಿಗೆ ಹೋಗುವಳು. ಆ ಹೊತ್ತಿಗೆ ಗಿರಾಕಿಗಳು ಕಡಿಮೆ, ಅಂಗಡಿಯವನು ಒಂದು ಸೀಟು ಬಿಟ್ಟುಕೊಡುತ್ತಿದ್ದ. ಈ ಕಡೆ ಅಕ್ಕ ಮೂಲೆಯ ಕಂಪ್ಯೂಟರಿನ ಮುಂದೆ ಡಬ್ಬಿ ಬಿಚ್ಚಿಕೊಂಡು ಕೂರುವಳು. ಮೊದಮೊದಲು ವಿಡಿಯೋ ನಿಂತು ನಿಂತು ಬರುತ್ತಿತ್ತು. ಮಗು ಬಾಯಿ ತೆರೆದಲ್ಲೇ ಮುಖ ಹಾಗೇ ನಿಂತುಬಿಡುವುದು, ನಕ್ಕಿತೋ ಅತ್ತಿತೋ ತಿಳಿಯದೆ ಗಂಟೆ ಮುಗಿದುಹೋಗುವುದು. ಆಮೇಲೆ ಯಾವಾಗಲೋ ಸರಿಹೋಯಿತು. ಮಗು ಹಲ್ಲು ಬಂದದ್ದನ್ನು ತೋರಿಸಿತು, ಹೆಜ್ಜೆ ಇಟ್ಟಿತು, ಅಮ್ಮ ಎಂದಿತು, ಎಲ್ಲವನ್ನೂ ಅಕ್ಕ ಆ ಮೂಲೆಯಲ್ಲೇ ಕೂತು, ಒಂದು ಚೂರೂ ತಪ್ಪದೆ ನೋಡಿದಳು. ಆ ಮೂಲೆಗೆ ಹೇಗೋ ಲೈನು ಚೆನ್ನಾಗಿ ಸಿಗುತ್ತದೆ ಎಂದುಕೊಂಡಿದ್ದಳು. ಆ ದಿನಗಳಲ್ಲಿ ನಿಧಾನಪ್ಪ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು, ಅವಳಿಗೆ ಬೆನ್ನು ಮಾಡಿ ಊಟ ಮಾಡುತ್ತಿದ್ದರು. ಯಾರಾದರೂ ಬಂದರೆ ಎರಡು ಗಂಟೆಗೆ ಬನ್ನಿ ಎಂದು ಕಳಿಸುತ್ತಿದ್ದರು. ಊಟದ ಹೊತ್ತಲ್ಲಿ ಒಂದು ಕಾಗದಕ್ಕೂ ಕೈ ಹಾಕದ ಸೋಮಾರಿ ಎಂದು ಅದಕ್ಕೂ ಜನ ಆಡಿಕೊಳ್ಳುತ್ತಿದ್ದರು.

"ಒಂದಿನ ಲೈನು ತೀರಾ ಕೆಟ್ಟಿತ್ತು," ಅವರು ಹೇಳಿದರು. "ಅಮೋನಿಯಾ ಡಬ್ಬಗಳ ಹಿಂದೆ ಹೋಗಿ ಅಳ್ತಾ ನಿಂತಿದ್ದೆ ನೀನು. ಕೇಳಿದ್ರೆ ಕಣ್ಣು ಉರೀತಿದೆ ಅಂದೆ. ಅವತ್ತೇ ಆ ಸಾಲು ಬರೆದೆ."

"ನನಗೆ ಯಾಕೆ ಹೇಳಲಿಲ್ಲ ಸಾರ್?"

"ಹೇಳಿದ್ರೆ ನೀನು ಮಾತಾಡೋದನ್ನೇ ಬಿಡ್ತಿದ್ದೆ. ಆಫೀಸಲ್ಲಿ ಕೇಳಿದ್ರೆ ಯಾರು ಒಪ್ತಿದ್ರು? ಲೈನು ಹಾಗೇ ಅಂದ್ರೆ ಯಾರೂ ಲೈನಿನ ಜೊತೆ ಜಗಳ ಆಡಲ್ಲ."

ಲೈನಿನ ಜೊತೆ ಆಡಲಿಲ್ಲ ನಿಜ. ಅದರ ಬದಲು ಅವರಿಗೊಂದು ಹೆಸರು ಇಟ್ಟರು. ಅಕ್ಕ ತಲೆ ತಗ್ಗಿಸಿ ಕೂತಳು. ಅವಳು ಏನು ಯೋಚಿಸುತ್ತಿದ್ದಾಳೆ ಎಂದು ಅವರಿಗೆ ಹೊಳೆದಿರಬೇಕು. ಬುಟ್ಟಿಯಿಂದ ಇನ್ನೊಂದು ಎಲೆ ತೆಗೆದುಕೊಂಡು, ನಗುತ್ತಲೇ ಹೇಳಿದರು.

"ಹೆಸರು ಇಟ್ಟಿದ್ದು ಯಾರು ಅಂತಾನೂ ಗೊತ್ತು ಬಿಡು. ಚೆನ್ನಾಗೇ ಇತ್ತು. ಮನೇಲೂ ಈಗ ಹಾಗೇ ಕರೀತಾರೆ."

ಒಳಗಿನಿಂದ ಸೊಸೆ ಕಿಸಕ್ಕನೆ ನಕ್ಕಳು. ಅಕ್ಕ ಮಾತ್ರ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು, ಈ ಸಲ ಅಮೋನಿಯಾದ ನೆಪವೂ ಇರಲಿಲ್ಲ. ಮಗಳನ್ನು ಶಾಲೆಗೆ ಸೇರಿಸಲು ಕರೆದುಕೊಂಡು ಬಂದ ಮೇಲಾದರೂ ಅದನ್ನು ತೆಗೆಯಬಹುದಿತ್ತಲ್ಲ ಎಂದು ಕೇಳಿದಳು. ತೆಗೆಯಬೇಕು ಎಂದುಕೊಂಡೆ, ಆದರೆ ಗಂಡ ಊರಲ್ಲಿಲ್ಲದವಳು, ಮತ್ತೆ ಬಿಟ್ಟುಬರುವ ಪ್ರಸಂಗ ಬಂದರೆ ಇರಲಿ ಎಂದು ಬಿಟ್ಟೆ, ಆಮೇಲೆ ಮರೆತೇಹೋಯಿತು ಎಂದರು. ನಂಬುವುದೋ ಬಿಡುವುದೋ ತಿಳಿಯಲಿಲ್ಲ. ಆ ಮನುಷ್ಯ ಒಂದು ಮೊಳೆ ಎಲ್ಲಿದೆ ಎಂಬುದನ್ನೂ ಮರೆತವರಲ್ಲ.

ಹೊರಡುವಾಗ ಮೆಟ್ಟಿಲವರೆಗೂ ಬಂದರು.

"ಅಳಿಸಿಬಿಡಮ್ಮ. ಅದರ ಕೆಲಸ ಮುಗೀತು. ರೂಮು ಉಳಿಸ್ಕೋ."

ಗುರುವಾರ ಒಂದು ಗಂಟೆಗೆ ಕಚೇರಿ ಊಟಕ್ಕೆ ಎದ್ದಿತು. ಅಕ್ಕ ಅಪ್‌ಡೇಟನ್ನು ಶುರು ಮಾಡಿದಳು, ಅದು ಎಂದಿನಂತೆ ಹನಿಹನಿಯಾಗಿ ಬರತೊಡಗಿತು. ಕೈಯಲ್ಲಿರುವುದು ಇವತ್ತು ಮತ್ತು ನಾಳೆಯ ಗಂಟೆ ಮಾತ್ರ, ಒಂದು ನಿಮಿಷವೂ ಹಾಳು ಮಾಡುವಂತಿಲ್ಲ. ಅದು ಗೊತ್ತಿದ್ದೂ ಅವಳು ನಕ್ಷೆ ಬೀರುವಿನ ಹಿಂದೆ ಹೋಗಿ, ಈಗ ಅಲ್ಲಿರುವ ಕಂಪ್ಯೂಟರಿಗೆ ನಿಯಮದಲ್ಲಿದ್ದ ಆ ಹಳೆಯ ನಂಬರನ್ನು ಕೊಟ್ಟಳು. ಕೂತು ಮಗಳಿಗೆ ವಿಡಿಯೋ ಕಾಲ್ ಮಾಡಿದಳು.

ಮಗಳು ಈಗ ಬೇರೆ ಊರಿನ ಹಾಸ್ಟೆಲಿನಲ್ಲಿ ಓದುತ್ತಿದ್ದಾಳೆ. ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡೇ ಪರದೆಗೆ ಬಂದಳು. ಕೂದಲ ತುದಿಯಿಂದ ಬೀಳುತ್ತಿದ್ದ ನೀರೂ ಕಾಣುವಷ್ಟು ಸ್ಪಷ್ಟ ಚಿತ್ರ. ಆಫೀಸಿನ ಹೊತ್ತಲ್ಲಿ ಯಾಕಮ್ಮ, ಅಪ್ಪನಿಗೆ ಏನಾದರೂ ಆಯಿತಾ ಎಂದು ಗಾಬರಿಯಾದಳು. ಅಪ್ಪ ಗುಂಡುಕಲ್ಲಿನ ಹಾಗಿದ್ದಾರೆ, ನೀನು ಚಿಕ್ಕವಳಿದ್ದಾಗ ಅಜ್ಜಿ ಜೊತೆ ಅಂಗಡಿಗೆ ಹೋಗಿ ನನ್ನ ಹತ್ತಿರ ಮಾತಾಡುತ್ತಿದ್ದದ್ದು ನೆನಪಿದೆಯಾ ಎಂದು ಅಕ್ಕ ಕೇಳಿದಳು.

"ಸ್ವಲ್ಪ ಸ್ವಲ್ಪ ಇದೆ," ಎಂದಳು ಮಗಳು. "ಅಪ್ಪ ಹಡಗಿಂದ ಮಾಡಿದ್ರೆ ಬರೀ ಫೋಟೋ ಥರ ನಿಂತುಬಿಡ್ತಿದ್ರು. ನೀನು ಮಾತ್ರ ಯಾವತ್ತೂ ನಿಲ್ತಿರ್ಲಿಲ್ಲ. ನಮ್ಮಮ್ಮ ನಿಲ್ಲಲ್ಲ ಅಂತ ಅಂಗಡಿಯವನ ಹತ್ರ ಜಂಬ ಕೊಚ್ಚಿಕೊಳ್ತಿದ್ದೆ ಅಂತ ಅಜ್ಜಿ ಹೇಳ್ತಿದ್ರು."

ಅಜ್ಜಿ ಈಗಿಲ್ಲ, ಆ ಅಂಗಡಿಯೂ ಇಲ್ಲ. ಆ ಸಾಲೊಂದೇ ಇಷ್ಟು ವರ್ಷವೂ ದಿನಾ ಒಂದು ಗಂಟೆಗೆ ಸರಿಯಾಗಿ ಎದ್ದು, ಬಾರದ ಮಗುವಿಗೆ ದಾರಿ ಬಿಡಿಸಿ, ಎರಡಕ್ಕೆ ಸುಮ್ಮನಾಗುತ್ತಿತ್ತು. ಮಾತಾಡುತ್ತಿರು, ಬಂದೆ ಎಂದು ಮಗಳಿಗೆ ಹೇಳಿ ಅಕ್ಕ ಎದ್ದು, ಪೆಟ್ಟಿಗೆಯ ಮುಂದೆ ಹೋಗಿ, ಆ ಸಾಲನ್ನು ಅಳಿಸಿದಳು.

ಇದರ ಫಲವನ್ನು ಇಲ್ಲೇ ಹೇಳಿಬಿಡಬೇಕು. ಶುಕ್ರವಾರ ಸಂಜೆ ಮ್ಯಾನೇಜರ್ ಬಂದು ಒಂದೊಂದೇ ಕಂಪ್ಯೂಟರ್ ನೋಡಿದ. ಒಂದೂ ಬಾಕಿ ಇರಲಿಲ್ಲ. ಮುಖ್ಯ ಕಚೇರಿಯಲ್ಲೇ ಇಷ್ಟು ಬೇಗ ಆಗಲಿಲ್ಲ, ಕೋಣೆಯನ್ನು ಮುಚ್ಚುವ ಮಾತೇ ಇಲ್ಲ ಎಂದವನು, ಏನು ಮಾಡಿದಿರಿ ಮೇಡಂ ಎಂದು ಕೇಳಿದ. ಅಕ್ಕ ಕಡತದ ಗಾತ್ರ, ತುಂಡು, ಸರದಿ ಎಲ್ಲವನ್ನೂ ವಿವರಿಸಿದಳು. ಒಂದು ಸಾಲಿನ ವಿಷಯ ಮಾತ್ರ ಹೇಳಲಿಲ್ಲ. ಅವನು ಹೋದ ಮೇಲೆ ಚಹಾದ ಹೊತ್ತಲ್ಲಿ ಯಾರೋ ನಿಧಾನಪ್ಪನ ಗಂಟೆ ಹೋಯಿತಲ್ಲ ಎಂದು ನಕ್ಕಾಗ, ಅವಳು ಲೋಟ ಕೆಳಗಿಟ್ಟು, ಆ ಹೆಸರು ಇಟ್ಟವಳು ನಾನು, ಇನ್ನು ಅವರ ಮಾತು ಬಂದರೆ ಯಜಮಾನರು ಅನ್ನಿ ಎಂದಳು.

ಆದರೆ ಅದು ಮರುದಿನದ ಮಾತು. ಗುರುವಾರ ಸಾಲು ಅಳಿಸುತ್ತಿದ್ದಂತೆ ಹಿಡಿದಿಟ್ಟ ಲೈನೆಲ್ಲ ಅಪ್‌ಡೇಟಿನ ಪಾಲಾಯಿತು. ಕಚೇರಿಯುದ್ದಕ್ಕೂ ಖಾಲಿ ಕುರ್ಚಿಗಳ ಮುಂದೆ, ಎಷ್ಟು ಇಳಿಯಿತೆಂದು ತೋರಿಸುವ ಹಸಿರು ಪಟ್ಟಿಗಳು ಸರಸರನೆ ಬೆಳೆಯತೊಡಗಿದವು. ಅಕ್ಕ ಓಡುವ ಹೆಜ್ಜೆಯಲ್ಲಿ ಮೂಲೆಗೆ ಬಂದಳು. ಪರದೆಯ ಮೇಲೆ ಮಗಳು ಏನನ್ನೋ ಹೇಳುತ್ತ, ಅರ್ಧ ತೆರೆದ ಬಾಯಲ್ಲಿ, ಅಲ್ಲಾಡದೆ ನಿಂತಿದ್ದಳು. ನಗುತ್ತಿದ್ದಾಳೋ ಇಲ್ಲವೋ ತಿಳಿಯುವಂತಿರಲಿಲ್ಲ.

ಮೇಜಿನ ಮೇಲಿದ್ದ ಫೋನು ರಿಂಗಾಯಿತು.

"ಅಮ್ಮ, ಏನಾಯ್ತು?" ಮಗಳ ದನಿ. "ನೀನು ನಿಂತುಬಿಟ್ಟೆ."

"ಹೌದು ಪುಟ್ಟಿ," ಎಂದಳು ಅಕ್ಕ. "ಇಷ್ಟು ದಿನ ನಾನು ನಿಲ್ಲದ ಹಾಗೆ ಒಬ್ಬರು ನೋಡ್ಕೊಳ್ತಿದ್ರು. ಅವರ ಮನೆಗೆ ಒಂದ್ಸಲ ಕರ್ಕೊಂಡು ಹೋಗ್ತೀನಿ, ರಜಕ್ಕೆ ಬಾ."